ಗಡಿಗಳಲ್ಲಿ ಹುಟ್ಟುವ ವಿಳಂಬ: ಮೆಟ್ರೊ, ನೀರಾವರಿ ಮತ್ತು ಸಾಫ್ಟ್‌ವೇರ್ ಯೋಜನೆಗಳ ನಿರ್ವಹಣೆ ಕುರಿತ ಅಧ್ಯಯನ

ಸಾರಾಂಶ

ಯೋಜನೆ ತಡವಾದರೆ ಕಾರಣವನ್ನು ಅಂದಾಜಿನ ದೋಷದಲ್ಲೋ ಗುತ್ತಿಗೆದಾರರ ಅದಕ್ಷತೆಯಲ್ಲೋ ಹುಡುಕುವುದು ವಾಡಿಕೆ. ಬೆಂಗಳೂರು ಮೆಟ್ರೊದ ಹಳದಿ ಮಾರ್ಗ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಹಾಗೂ ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣ, ಈ ಮೂರನ್ನೂ ಈ ಲೇಖನ ಒಟ್ಟಿಗೆ ಪರಿಶೀಲಿಸುತ್ತದೆ. ವಿಳಂಬದ ದೊಡ್ಡ ಪಾಲು ಒಂದು ಸಂಸ್ಥೆಯ ಕೆಲಸ ಮುಗಿದು ಇನ್ನೊಂದರದು ಶುರುವಾಗುವ ಗಡಿಯಲ್ಲಿ ಹುಟ್ಟುತ್ತದೆ, ಮತ್ತು ಆ ಗಡಿಯಲ್ಲಿ ಯೋಜನಾ ವ್ಯವಸ್ಥಾಪಕರಿಗೆ ಹೊಣೆಯಿದೆಯೇ ಹೊರತು ಅಧಿಕಾರವಿಲ್ಲ ಎಂಬುದು ಇಲ್ಲಿನ ವಾದ.

ಕೀಲಿಪದಗಳು: ಯೋಜನಾ ನಿರ್ವಹಣೆ, ಅವಲಂಬನೆ, ಭೂಸ್ವಾಧೀನ, ನಮ್ಮ ಮೆಟ್ರೊ, ಕೃಷ್ಣಾ ಮೇಲ್ದಂಡೆ ಯೋಜನೆ

1. ಪೀಠಿಕೆ

ಇಂದು ಬಳಕೆಯಲ್ಲಿರುವ ವೇಳಾಪಟ್ಟಿ ವಿಧಾನಗಳ ತಳಹದಿ 1950ರ ದಶಕದ ಕೊನೆಯದು. ಡ್ಯೂಪಾಂಟ್ ಕಂಪನಿ 1957ರ ಸುಮಾರಿಗೆ ರೂಪಿಸಿದ 'ಕ್ರಿಟಿಕಲ್ ಪಾತ್', ಪೋಲಾರಿಸ್ ಕ್ಷಿಪಣಿ ಯೋಜನೆಗಾಗಿ ಅಮೆರಿಕದ ನೌಕಾಪಡೆ 1958ರಲ್ಲಿ ಬಳಕೆಗೆ ತಂದ 'ಪರ್ಟ್' ಎರಡೂ ಕೆಲಸವನ್ನು ಬಿಡಿಬಿಡಿಯಾಗಿ ಒಡೆದು, ಯಾವುದು ಮುಗಿದ ಮೇಲೆ ಯಾವುದು ಎಂದು ಜೋಡಿಸುತ್ತವೆ. ಪಟ್ಟಿಯಲ್ಲಿರುವ ಎಲ್ಲ ಕೆಲಸವೂ ಒಬ್ಬರ ಅಪ್ಪಣೆಗೆ ಒಳಪಟ್ಟಿರುತ್ತದೆ ಎಂಬ ಗ್ರಹಿಕೆ ಈ ಲೆಕ್ಕದ ಹಿಂದಿದೆ.

ವಾಸ್ತವದ ಚಿತ್ರ ಬೇರೆ. ಡೆನ್ಮಾರ್ಕ್ ಮೂಲದ ವಿದ್ವಾಂಸ ಬೆಂಟ್ ಫ್ಲೂಬ್ಯೆರ್ಗ್ ಹಲವು ದೇಶಗಳ 16,000ಕ್ಕೂ ಹೆಚ್ಚು ಯೋಜನೆಗಳ ಮಾಹಿತಿ ಕಲೆಹಾಕಿದ್ದಾರೆ. ಅವುಗಳಲ್ಲಿ ವೆಚ್ಚ ಮತ್ತು ಅವಧಿ ಎರಡನ್ನೂ ಪಾಲಿಸಿದವು ಶೇ 8.5. ಹೇಳಿದ ಪ್ರಯೋಜನವನ್ನೂ ದೊರಕಿಸಿದವು ಶೇ 0.5 ಮಾತ್ರ. ಅವರ ಪ್ರಕಾರ ಇದರ ಮೂಲ ಅತಿಯಾದ ಆಶಾವಾದ ಮತ್ತು ಮಂಜೂರಾತಿಗಾಗಿ ಬೇಕೆಂದೇ ತಗ್ಗಿಸಿದ ಅಂದಾಜು. ಹಿಂದಿನ ಸಮಾನ ಯೋಜನೆಗಳ ಅನುಭವದಿಂದ ಅಂದಾಜು ಕಟ್ಟಬೇಕೆಂಬುದು ಅವರ ಪರಿಹಾರ. ಎಷ್ಟು ತಡವಾದೀತು ಎಂಬುದಕ್ಕೆ ಈ ವಿಧಾನ ಉತ್ತರ ಕೊಡುತ್ತದೆ. ಎಲ್ಲಿ ತಡವಾದೀತು, ಅದನ್ನು ಬಿಡಿಸುವ ಕೈ ಯಾರದು ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

2. ಹಳದಿ ಮಾರ್ಗ: ಹಳಿ ಸಿದ್ಧ, ರೈಲಿಲ್ಲ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿ.ಮೀ. ಉದ್ದದ ಹಳದಿ ಮಾರ್ಗದಲ್ಲಿ 16 ನಿಲ್ದಾಣಗಳಿವೆ. ಕೇಂದ್ರ ಸರ್ಕಾರ 2014ರಲ್ಲಿ ಒಪ್ಪಿದ ಎರಡನೇ ಹಂತದ ಭಾಗವಾದ ಇದು ಪ್ರಯಾಣಿಕರಿಗೆ ತೆರೆದುಕೊಂಡದ್ದು 2025ರ ಆಗಸ್ಟ್‌ನಲ್ಲಿ.

ಭೂಮಿ, ಕಂಬ, ತೊಲೆಗಳ ತೊಡಕು ಎಲ್ಲ ಮೆಟ್ರೊಗಳಿಗೂ ಇದ್ದದ್ದೇ. ಇಲ್ಲಿನ ವಿಶೇಷ ಬೋಗಿಗಳದು. 216 ಬೋಗಿಗಳನ್ನು ಪೂರೈಸುವ 1,578 ಕೋಟಿ ರೂಪಾಯಿಯ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಸಂಸ್ಥೆಗೆ ದೊರೆಯಿತು. ಬಹುಪಾಲು ಬೋಗಿಗಳು ಭಾರತದಲ್ಲೇ ತಯಾರಾಗಬೇಕೆಂಬುದು ಷರತ್ತು. 2020ರ ಏಪ್ರಿಲ್‌ನಲ್ಲಿ, ಭೂಗಡಿ ಹಂಚಿಕೊಂಡಿರುವ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಹೀಗಾಗಿ ಇಲ್ಲಿ ಕಾರ್ಖಾನೆ ತೆರೆಯುವುದು ಆ ಚೀನೀ ಸಂಸ್ಥೆಗೆ ಸಾಧ್ಯವಾಗಲಿಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಕಾರ್ಖಾನೆಯಿರುವ ಟೀಟಾಗಢ್ ಕಂಪನಿಯ ಜೊತೆಗೂಡಿ ತಯಾರಿಸುವ ದಾರಿ ಕಂಡುಕೊಳ್ಳಲಾಯಿತು. ಚೀನಾದಲ್ಲಿ ತಯಾರಾದ ಮೊದಲ ರೈಲು ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಸಿವಿಲ್ ಕಾಮಗಾರಿ ಬಹುಪಾಲು ಮುಗಿದಿತ್ತು. ಹೊಸ ಮಾದರಿಯ ಬೋಗಿಯಾದ್ದರಿಂದ ಪರೀಕ್ಷಾರ್ಥ ಓಡಾಟ, ಲಖನೌದಲ್ಲಿರುವ ರೈಲ್ವೆ ಸಂಶೋಧನಾ ಸಂಸ್ಥೆಯ ಪ್ರಮಾಣಪತ್ರ, ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ತಪಾಸಣೆ ಒಂದರ ಹಿಂದೊಂದು ನಡೆಯಬೇಕಾಯಿತು. ಸಂಚಾರ ಆರಂಭವಾದಾಗ ಇದ್ದದ್ದು ಮೂರೇ ರೈಲು, ಅದೂ 25 ನಿಮಿಷಕ್ಕೊಂದು.

ಈ ಸರಣಿಯಲ್ಲಿ ಯೋಜನಾ ವ್ಯವಸ್ಥಾಪಕರ ತಪ್ಪೆಂದು ಬೆರಳಿಟ್ಟು ತೋರಿಸಬಹುದಾದ ಹೆಜ್ಜೆ ಕಡಿಮೆ. ಹೂಡಿಕೆಯ ನಿಯಮ ದೆಹಲಿಯದು, ಕಾರ್ಖಾನೆ ಉತ್ತರಪಾಡಾದ್ದು, ಪ್ರಮಾಣಪತ್ರ ಲಖನೌದ್ದು. ಗುತ್ತಿಗೆಯ ಗಡುವು ಮಾತ್ರ ಬೆಂಗಳೂರಿನದು. ಹಾಗೆಂದು ಯೋಜಕರು ಪೂರ್ತಿ ನಿರಪರಾಧಿಗಳೂ ಅಲ್ಲ. ಇಡೀ ಮಾರ್ಗದ ಸಂಚಾರ ಒಂದೇ ಪೂರೈಕೆದಾರರ ಇನ್ನೂ ಕಟ್ಟದ ಕಾರ್ಖಾನೆಗೆ ಜೋತುಬಿದ್ದಿದ್ದಾಗ, ಅದು ಕೈಕೊಟ್ಟರೆ ಮುಂದೇನು ಎಂಬುದಕ್ಕೆ ಗುತ್ತಿಗೆಯ ಹಂತದಲ್ಲೇ ಪರ್ಯಾಯ ಬೇಕಿತ್ತು.

3. ಆಲಮಟ್ಟಿ: ಕಾನೂನಿನ ಗಡಿ

ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದಲ್ಲಿ ತಾಂತ್ರಿಕ ಕೆಲಸ ಸರಳವಾಗಿ ಹೇಳಬಹುದಾದದ್ದು: ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿ, ಸಿಗುವ ನೀರನ್ನು ಕಾಲುವೆಗಳಿಗೆ ಹರಿಸುವುದು. ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಈ ನಡುವೆ 2013ರ ಭೂಸ್ವಾಧೀನ ಕಾಯ್ದೆ ಬಂದು, ಪರಿಹಾರದ ಲೆಕ್ಕವೇ ಬದಲಾಯಿತು. 2012ರ ಸುಮಾರಿಗೆ 17,207 ಕೋಟಿ ಇದ್ದ ಅಂದಾಜು 2017ರಲ್ಲಿ 51,148 ಕೋಟಿಗೆ ಪರಿಷ್ಕೃತವಾಯಿತು. ಮುಳುಗಡೆಗಾಗಿಯೇ 75,000ಕ್ಕೂ ಹೆಚ್ಚು ಎಕರೆ ಬೇಕು.

ಇಲ್ಲಿ ಕಾಲವೇ ವೆಚ್ಚದ ಮುಖ್ಯ ಅಂಶ. ಎಂಜಿನಿಯರ್ ಎಷ್ಟೇ ಬಿಗಿಯಾಗಿ ಕೆಲಸ ಮಾಡಿಸಿದರೂ ನ್ಯಾಯಾಲಯದ ದಿನಾಂಕ ಅವರ ಕೈಯಲ್ಲಿಲ್ಲ. ಮುಳುಗಡೆಯಾಗಲಿರುವ ಹಳ್ಳಿಯವರ ಪಾಲಿಗೂ ಈ ಕಾಯುವಿಕೆ ನಷ್ಟದ್ದೇ. ಸ್ವಾಧೀನದ ಪಟ್ಟಿಗೆ ಸೇರಿದ ಜಮೀನಿಗೆ ಕೊಳ್ಳುವವರು ಸಿಗುವುದಿಲ್ಲ, ಪರಿಹಾರವೂ ಕೈಸೇರಿರುವುದಿಲ್ಲ.

4. ತೆರಿಗೆ ಜಾಲತಾಣ: ಬದಲಾವಣೆಯ ಗಡಿ

2019ರ ಜನವರಿಯಲ್ಲಿ ಕೇಂದ್ರ ಸಂಪುಟ 4,242 ಕೋಟಿ ರೂಪಾಯಿಯ ಹೊಸ ತೆರಿಗೆ ರಿಟರ್ನ್ ಸಲ್ಲಿಕೆ ಮತ್ತು ಪರಿಶೀಲನೆಯ ವ್ಯವಸ್ಥೆಗೆ ಒಪ್ಪಿತು. ರಿಟರ್ನ್ ಪರಿಶೀಲನೆಯ ಅವಧಿಯನ್ನು 63 ದಿನದಿಂದ ಒಂದು ದಿನಕ್ಕೆ ಇಳಿಸುವುದು ಗುರಿ. 2021ರ ಜೂನ್ 7ರಂದು ಜಾಲತಾಣ ತೆರೆದಾಗ ಲಾಗಿನ್‌ನಿಂದ ಹಿಡಿದು ರಿಟರ್ನ್ ಸಲ್ಲಿಕೆಯವರೆಗೆ ತೊಂದರೆಗಳು ಕಂಡವು. ಸಲ್ಲಿಕೆಯ ಗಡುವು ಕಡೆಗೆ ಡಿಸೆಂಬರ್ 31ಕ್ಕೆ ಹೋಯಿತು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ಹೊತ್ತು ಮತ್ತು ಸಲ್ಲಿಕೆಯ ಋತು ಒಂದರ ಮೇಲೊಂದು ಬಿದ್ದದ್ದು ಒತ್ತಡ ಹೆಚ್ಚಿಸಿತು. ಇಂಥ ಹೊತ್ತಿನಲ್ಲಿ ಆಳು ಸೇರಿಸುವುದೂ ಪರಿಹಾರವಾಗದು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಆಳು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ವಾದಿಸಿದ್ದರು. 2001ರ 'ಅಜೈಲ್' ಪ್ರಣಾಳಿಕೆ ಸಣ್ಣ ಕಂತುಗಳ ಮಾರ್ಗ ಸೂಚಿಸಿತು. ಆದರೆ ದೇಶವಿಡೀ ಒಂದೇ ದಿನ ಬಳಸತೊಡಗುವ ವ್ಯವಸ್ಥೆಯಲ್ಲಿ ಕಂತಿಗೆ ಜಾಗ ಮಾಡಿಕೊಡಬೇಕಾದವರು ಕೋಡ್ ಬರೆಯುವ ತಂಡದವರಲ್ಲ, ದಿನಾಂಕ ಗೊತ್ತುಮಾಡುವ ಇಲಾಖೆಯವರು.

5. ಈಚಿನ ಪ್ರವೃತ್ತಿಗಳು

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಕೈಪಿಡಿ 2021ರ ಏಳನೇ ಆವೃತ್ತಿಯಲ್ಲಿ ಪ್ರಕ್ರಿಯೆಗಳ ಪಟ್ಟಿಯನ್ನು ಹಿಂದಕ್ಕೆ ಸರಿಸಿ 12 ತತ್ತ್ವಗಳನ್ನು ಮುಂದಿಟ್ಟಿತು. ಭಾರತದಲ್ಲಿ 2015ರಲ್ಲಿ ಶುರುವಾದ 'ಪ್ರಗತಿ' ಸಭೆಗಳು ಇಲಾಖೆಗಳ ನಡುವಿನ ತಕರಾರನ್ನು ಪ್ರಧಾನಿಯ ಮಟ್ಟಕ್ಕೆ ಒಯ್ಯುತ್ತವೆ. 2021ರ 'ಗತಿಶಕ್ತಿ' ಬೇರೆ ಬೇರೆ ಸಚಿವಾಲಯಗಳ ಯೋಜನೆಗಳನ್ನು ಒಂದೇ ನಕ್ಷೆಯ ಮೇಲೆ ತರುತ್ತದೆ. ಒಂದು ಅನುಮತಿಗಾಗಿ ಕಡತ ಪ್ರಧಾನಿಯವರೆಗೆ ಏರಬೇಕಾಗಿರುವುದೇ ಕೆಳಗಿನ ಹಂತದಲ್ಲಿ ಅಧಿಕಾರ ಎಷ್ಟು ತೆಳುವಾಗಿದೆ ಎಂಬುದಕ್ಕೆ ಸಾಕ್ಷಿ. ಕೃತಕ ಬುದ್ಧಿಮತ್ತೆ ವರದಿ, ಸಭೆಯ ಟಿಪ್ಪಣಿ, ವೇಳಾಪಟ್ಟಿಯ ಕರಡನ್ನು ಬೇಗ ಸಿದ್ಧಪಡಿಸಬಲ್ಲದು. ಆದರೆ ಎರಡು ಇಲಾಖೆಗಳ ನಡುವೆ ಯಾರು ಮಣಿಯಬೇಕೆಂದು ಅದು ತೀರ್ಮಾನಿಸಲಾರದು.

6. ಉಪಸಂಹಾರ

ಮೂರೂ ಪ್ರಕರಣಗಳಿಂದ ಮೂರು ಸಲಹೆಗಳು ಹೊರಡುತ್ತವೆ. ಮೊದಲನೆಯದು, ಕಾಮಗಾರಿಯ ವೇಳಾಪಟ್ಟಿಯ ಜೊತೆಗೇ ಅವಲಂಬನೆಗಳ ದಾಖಲೆಯೊಂದು ಇರಬೇಕು. ಯಾವ ಅನುಮತಿ, ಯಾರ ಮೇಜಿನಲ್ಲಿದೆ, ಎಂದು ಬರಬೇಕು ಎಂಬುದು ಅದರಲ್ಲಿ ಹೆಸರು ಹುದ್ದೆ ಸಮೇತ ದಾಖಲಾಗಬೇಕು. ಎರಡನೆಯದು, ಯೋಜನೆಯೇ ನಿಲ್ಲುವಂಥ ಅವಲಂಬನೆಗೆ ಪರ್ಯಾಯ ಗೊತ್ತಾಗದೆ ಟೆಂಡರ್ ಕರೆಯಬಾರದು. ಮೂರನೆಯದು, ವಿಳಂಬದ ಹೊಣೆ ನಿಗದಿಮಾಡುವಾಗ ಗಡಿಯ ಎರಡೂ ಬದಿಯ ಸಂಸ್ಥೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನುಮತಿ ತಡಮಾಡಿದ ಕಚೇರಿಗೆ ಯಾವ ದಂಡವೂ ಇಲ್ಲದೆ ಗುತ್ತಿಗೆದಾರರಿಗೆ ಮಾತ್ರ ದಂಡ ಬೀಳುವ ಈಗಿನ ಪದ್ಧತಿಯಲ್ಲಿ, ವ್ಯವಸ್ಥಾಪಕರು ಕೆಲಸ ಮಾಡಿಸುವುದಕ್ಕಿಂತ ತಮ್ಮ ತಪ್ಪಿಲ್ಲವೆಂದು ಪತ್ರ ಬರೆದಿಡುವುದಕ್ಕೆ ಹೆಚ್ಚು ಹೊತ್ತು ಕೊಡುವಂತಾಗುತ್ತದೆ.