ಮಾಜಿ ಸೈನಿಕರ ಆರೋಗ್ಯಕ್ಕೆ ಮೊಬೈಲ್ ನೆರವು: ಸದಸ್ಯರ ಮಾಹಿತಿಗಾಗಿ



ಜಳಕೋಟ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಸದಸ್ಯರಲ್ಲಿ ಮಾಜಿ ಸೈನಿಕರೂ ಇದ್ದಾರೆ. ಸೇವೆಯಲ್ಲಿದ್ದಾಗ ಬೆಳಗಿನ ಕಸರತ್ತು, ಹೊತ್ತಿಗೆ ಸರಿಯಾದ ಊಟ ಕಡ್ಡಾಯ. ಊರಿಗೆ ಮರಳಿದ ಮೇಲೆ ಶಿಸ್ತು ಸಡಿಲವಾಗುತ್ತದೆ, ತಂಬಾಕು ಮಾತ್ರ ಉಳಿಯುತ್ತದೆ. ಇಂಥವರಿಗೆ ಫೋನಿನ ಮೂಲಕ ಸಿಗುವ ನೆರವನ್ನು ಇಲ್ಲಿ ಕೊಟ್ಟಿದ್ದೇವೆ.

ವ್ಯಕ್ತಿಗೆ ತಕ್ಕ ಸಲಹೆ

ಎಲ್ಲರಿಗೂ ಒಂದೇ ಕರಪತ್ರ ಹಂಚಿದರೆ ಚಟ ಬಿಡುವುದಿಲ್ಲ. ವಯಸ್ಸು, ಕಾಯಿಲೆ, ಮನಸ್ಸಿನ ಸಿದ್ಧತೆ ತಿಳಿದು ಸಲಹೆ ಕಳಿಸುವುದೇ ಈ ಪದ್ಧತಿ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ‘ಆನಿ’ ವ್ಯವಸ್ಥೆ ರಕ್ತದೊತ್ತಡದ ಅಂಕಿ ಕೇಳಿ, ಅದಕ್ಕೆ ತಕ್ಕ ಸಂದೇಶ ಕಳಿಸುತ್ತದೆ.

ನಮ್ಮಲ್ಲೂ ಪುರಾವೆ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ದಕ್ಷಿಣ ಭಾರತದಲ್ಲಿ ಮಧುಮೇಹದ ಅಂಚಿನಲ್ಲಿದ್ದ 537 ಪುರುಷರನ್ನು 2 ವರ್ಷ ಗಮನಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿತು. ತಮಗೆ ತಕ್ಕ ಸಂದೇಶ ಪಡೆದವರಲ್ಲಿ ನೂರಕ್ಕೆ 18 ಜನರಿಗೆ, ಪಡೆಯದವರಲ್ಲಿ 27 ಜನರಿಗೆ ಮಧುಮೇಹ ಬಂದಿತು. ಅವರು ಸೈನಿಕರಲ್ಲ, ನಿಜ. ಆದರೆ ಸಾದಾ ಫೋನೇ ಸಾಕಾಯಿತು ಎಂಬುದು ಗಮನಾರ್ಹ.

ಲಭ್ಯವಿರುವ ಸೇವೆಗಳು

1. ಸೇಹತ್ ಓಪಿಡಿ: 2021ರ ಮೇ 27ರಂದು ರಕ್ಷಣಾ ಸಚಿವಾಲಯ ಆರಂಭಿಸಿದ್ದು. ಸೇವೆಯಲ್ಲಿರುವವರು, ನಿವೃತ್ತರು ಮತ್ತು ಅವರ ಕುಟುಂಬದವರು ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದು.

2. ತಂಬಾಕು ಬಿಡಲು: 1800-11-2356, ಉಚಿತ. ಕರೆ ಮಾಡಿದವರ ಸ್ಥಿತಿ ತಿಳಿದು, ಬಿಡುವ ದಿನ ಗೊತ್ತುಮಾಡಿಸುತ್ತಾರೆ.

3. ಟೆಲಿ ಮಾನಸ್: 14416, ಹಗಲು ರಾತ್ರಿ, ಉಚಿತ. 2022ರ ಅಕ್ಟೋಬರ್ 10ರಂದು ಆರಂಭ. ಸೇನೆಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಪ್ರತ್ಯೇಕ ಘಟಕ ತೆರೆಯಲಾಯಿತು.

ಕನ್ನಡದಲ್ಲೇ ಕೇಳಿರಿ

ಮಹಾರಾಷ್ಟ್ರದಿಂದ ಕರೆ ಹೋದರೆ ಆ ಕಡೆಯವರು ಮರಾಠಿ ಅಥವಾ ಹಿಂದಿಯಲ್ಲಿ ಮಾತು ಆರಂಭಿಸುವುದು ಸಹಜ. ನಮ್ಮವರಿಗೆ ಎರಡೂ ಬರುತ್ತವೆ. ಆದರೆ ‘ರಾತ್ರಿ ನಿದ್ದೆ ಹತ್ತುವುದಿಲ್ಲ, ಸಿಟ್ಟು ತಡೆಯಲಾಗುವುದಿಲ್ಲ’ ಎಂಬ ಮಾತು ಮನೆಮಾತಿನಲ್ಲೇ ಬಾಯಿಗೆ ಬರುತ್ತದೆ. ಹೇಳಿಕೊಂಡದ್ದಕ್ಕೆ ತಕ್ಕಂತೆಯೇ ಸಲಹೆ ಸಿಗುವುದು, ಅರ್ಧ ಹೇಳಿದರೆ ಅರ್ಧ ಸಲಹೆ. ಟೆಲಿ ಮಾನಸ್‌ನ ಭಾಷೆಗಳಲ್ಲಿ ಕನ್ನಡವೂ ಇದೆ. ಆದ್ದರಿಂದ ಮೊದಲ ಮಾತಿನಲ್ಲೇ ‘ಕನ್ನಡ ಬೇಕು’ ಎನ್ನಿರಿ. ಸಂಕೋಚ ಬೇಡ.

ಎಚ್ಚರಿಕೆ: ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಓಟಿಪಿ, ಬ್ಯಾಂಕ್ ವಿವರ ಯಾರಿಗೂ ಹೇಳಬೇಡಿ.

ಫೋನ್ ಬಳಸಲು ಬಾರದ ಹಿರಿಯರು ಸಂಘದ ಸಭೆಗೆ ಬರುವಾಗ ಅದನ್ನು ಜೊತೆಗೆ ತರಲಿ. ಪಕ್ಕದಲ್ಲಿ ಕುಳಿತು ಮೊದಲ ಕರೆ ಮಾಡಿಸಿಕೊಡುತ್ತೇವೆ.

– ಕಾರ್ಯದರ್ಶಿ