ಕಾಯ್ದಿರಿಸದ ಬೋಗಿಯಲ್ಲಿ ಬಂದ ತಂಡ

1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಒಂದು ಟೆಸ್ಟ್ ಪಂದ್ಯ ಶುರುವಾಯಿತು. ಇಂದು ನಾವು ಚಿನ್ನಸ್ವಾಮಿ ಕ್ರೀಡಾಂಗಣ ಎಂದು ಕರೆಯುವ ಮೈದಾನ ಅದು. ಅಲ್ಲಿ ಮೊದಲ ಪುರುಷರ ಟೆಸ್ಟ್ ನಡೆದು ಆಗಿನ್ನೂ ಎರಡು ವರ್ಷವಾಗಿತ್ತು. ಆಗ ಬಂದಿದ್ದದ್ದು ವೆಸ್ಟ್ ಇಂಡೀಸ್, ಈ ಬಾರಿ ಬಂದಿದ್ದೂ ವೆಸ್ಟ್ ಇಂಡೀಸ್. ಆದರೆ ಈ ಸಲ ಆಡಿದವರು ಹೆಂಗಸರು. ಭಾರತ ಮಹಿಳಾ ತಂಡದ ಮೊಟ್ಟಮೊದಲ ಟೆಸ್ಟ್ ಅದು. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ, ವಯಸ್ಸು 22. ಮೂರು ದಿನದ ಪಂದ್ಯದ ನಡುವಿನ ದಿನ ನವೆಂಬರ್ 1, ನಾಡು ಒಂದಾದ 20ನೇ ವರ್ಷದ ರಾಜ್ಯೋತ್ಸವ. ನವೆಂಬರ್ 2ರಂದು ಪಂದ್ಯ ಡ್ರಾ ಆಗಿ ಮುಗಿಯಿತು.

ಅಲ್ಲಿಂದ ಸರಿಯಾಗಿ 49 ವರ್ಷ ಕಳೆದು, 2025ರ ನವೆಂಬರ್ 2ರಂದು, ಭಾರತ ಮಹಿಳಾ ತಂಡ ಏಕದಿನ ವಿಶ್ವಕಪ್ ಗೆದ್ದಿತು. ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿತು. ಮೊದಲ ವೇಳಾಪಟ್ಟಿಯಂತೆ ಆ ಫೈನಲ್ ಬೆಂಗಳೂರಿನಲ್ಲೇ ನಡೆಯಬೇಕಿತ್ತು. ಪಾಕಿಸ್ತಾನ ಫೈನಲ್ ತಲುಪಿದರೆ ಮಾತ್ರ ಕೊಲಂಬೊದಲ್ಲಿ ಎಂದಿತ್ತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ನಮ್ಮೂರಿನ ಪಂದ್ಯಗಳು ಅತ್ತ ಹೋದವು. ಹಾಗಾಗದಿದ್ದರೆ ತಂಡ ಹುಟ್ಟಿದ ಅಂಗಳದಲ್ಲೇ, ಅದೇ ತಾರೀಖಿಗೆ, ಕಪ್ಪು ಕೈಗೆ ಬರುವ ಯೋಗವಿತ್ತು.

ನಾನು ಚಾಂಪಿಯನ್ ರೀಫ್ಸ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಫೈನಲ್ ಮುಗಿದ ವಾರ ಒಬ್ಬ ಹುಡುಗಿ ಕೇಳಿದಳು: "ಮಿಸ್, ನಮ್ಮ ಲೇಡೀಸ್ ಟೀಮು ಶುರುವಾಗಿದ್ದು ಯಾವಾಗ? ಐಪಿಎಲ್ ಬಂದ ಮೇಲಾ?" 1976 ಅಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದ್ರೆ ಗೆಲ್ಲೋಕೆ ಯಾಕೆ ಇಷ್ಟು ವರ್ಷ? ಮೊದಲು ಅವರಿಗೆ ಆಡೋಕೆ ಬರ್ತಿರಲಿಲ್ವಾ?" ಎಂದಳು. ತುಂಟತನದ ಪ್ರಶ್ನೆಯಲ್ಲ. ನಾವು ಈ ಕತೆಯನ್ನು ಹೇಳುವ ರೀತಿಯಲ್ಲಿಯೇ ಅಂಥ ಉತ್ತರ ಅಡಗಿದೆ: ಮೊದಲು ಏನೂ ಇರಲಿಲ್ಲ, ಆಮೇಲೆ ದುಡ್ಡು ಬಂತು, ಆಟ ಬಂತು, ಕಪ್ಪು ಬಂತು. ದಾಖಲೆಗಳು ಹೇಳುವುದು ಬೇರೆ.

ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ 1973ರಲ್ಲಿ ಲಖನೌದಲ್ಲಿ ನೋಂದಣಿಯಾಯಿತು. ಅದನ್ನು ಕಟ್ಟಿದವರು ಮಹೇಂದ್ರ ಕುಮಾರ್ ಶರ್ಮಾ. ಹುಡುಗಿಯರ ಪಂದ್ಯ ನೋಡಲು ಬನ್ನಿ ಎಂದು ಅವರು ಆಟೋದಲ್ಲಿ ಮೈಕ್ ಹಿಡಿದು ಊರು ಸುತ್ತಿದ ಕತೆಯನ್ನು ಆ ಕಾಲದವರು ಈಗಲೂ ಹೇಳುತ್ತಾರೆ. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ರಾಷ್ಟ್ರೀಯ ಟೂರ್ನಿಗೆ ಬಂದದ್ದು ಮೂರೇ ತಂಡ: ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ವಾರಾಣಸಿಯ ಎರಡನೇ ಟೂರ್ನಿಗೆ 8 ತಂಡ, ಕಲ್ಕತ್ತೆಯ ಮೂರನೆಯದಕ್ಕೆ 14. ಟೂರ್ನಿಯಿಂದ ಟೂರ್ನಿಗೆ ಹೀಗೆ ಬೆಳೆಯಬೇಕಾದರೆ ಆಡುವವರು ಆಗಲೇ ಮನೆಯಂಗಳಗಳಲ್ಲಿ, ಕಾಲೇಜು ಮೈದಾನಗಳಲ್ಲಿ ತಯಾರಾಗಿದ್ದರು ಎಂದೇ ಅರ್ಥ. ಸಂಸ್ಥೆ ಅವರನ್ನು ಸೃಷ್ಟಿಸಲಿಲ್ಲ, ಒಂದೆಡೆ ಸೇರಿಸಿತು.

ಸೇರುವುದೂ ಸುಲಭವಿರಲಿಲ್ಲ. ಆ ದಿನಗಳ ಬಗ್ಗೆ ಶಾಂತಾ ಅವರೇ ಹಲವು ಸಲ ಹೇಳಿದ್ದಾರೆ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ, ಡಾರ್ಮಿಟರಿಯ ನೆಲದ ಮೇಲೆ ನಿದ್ದೆ, ಬ್ಯಾಟು ಪ್ಯಾಡುಗಳ ಜೊತೆಗೆ ಹಾಸಿಗೆಯನ್ನೂ ಹೊತ್ತುಕೊಂಡೇ ಹೋಗಬೇಕು. ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದಿನಾ ನಿಂತುಕೊಂಡೇ ಹೋಗಿಬರುವ ನಮ್ಮೂರವರಿಗೆ ಆ ಬೋಗಿಯನ್ನು ವಿವರಿಸಿ ಹೇಳಬೇಕಿಲ್ಲ. ಅದರಲ್ಲಿ ಎರಡು ಹಗಲು ಎರಡು ರಾತ್ರಿ ಕಳೆದು, ಇಳಿದ ಮರುದಿನ ಹೊಸ ಚೆಂಡನ್ನು ಎದುರಿಸುವುದು ಹೇಗಿರುತ್ತದೆ ಎಂದು ಊಹಿಸಿಕೊಂಡರೆ ಸಾಕು.

ಅಂಥವರು ಏನು ಮಾಡಿದರು ನೋಡಿ. 1976ರ ಆ ಸರಣಿಯಲ್ಲಿ ಆರು ಟೆಸ್ಟ್‌ಗಳಿದ್ದವು. ನಾಲ್ಕನೆಯದನ್ನು ಪಟ್ನಾದಲ್ಲಿ ಐದು ವಿಕೆಟ್‌ಗಳಿಂದ ಗೆದ್ದರು. ಭಾರತದ ಪುರುಷರ ತಂಡ 1932ರಲ್ಲಿ ಮೊದಲ ಟೆಸ್ಟ್ ಆಡಿ, ಮೊದಲ ಗೆಲುವಿಗೆ 1952ರವರೆಗೆ, ಅಂದರೆ 25ನೇ ಟೆಸ್ಟ್‌ವರೆಗೆ ಕಾಯಬೇಕಾಯಿತು. ಹೆಂಗಸರಿಗೆ ಸಾಕಾದದ್ದು ನಾಲ್ಕು ಟೆಸ್ಟ್, ಒಂದು ತಿಂಗಳೊಳಗಿನ ಸಮಯ. ಜಮ್ಮುವಿನಲ್ಲಿ ವೆಸ್ಟ್ ಇಂಡೀಸ್ ಗೆದ್ದು ಸರಣಿ 1-1 ಆಯಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಶತಕ ಅದು. ಆಡಲು ಬರುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಇಷ್ಟೇ ಸಾಕು.

ಆಮೇಲೆ ಏನಾಯಿತು? ಅದೇ ತಿಂಗಳು ಪರ್ತ್‌ನಲ್ಲಿ ಆಸ್ಟ್ರೇಲಿಯಾದ ಎದುರು ಒಂದು ಟೆಸ್ಟ್ ಆಡಿದರು, ಸೋತರು. ಮುಂದಿನ ಟೆಸ್ಟ್ ನಡೆದದ್ದು 1984ರಲ್ಲಿ. ನಡುವೆ 1978ರಲ್ಲಿ ಭಾರತದಲ್ಲೇ ನಡೆದ ವಿಶ್ವಕಪ್ಪು, 1982ರ ನ್ಯೂಜಿಲೆಂಡ್ ವಿಶ್ವಕಪ್ಪು ಬಂದವು ನಿಜ. ಟೆಸ್ಟ್ ಮಾತ್ರ ಒಂದೂ ಇಲ್ಲ. ಶಾಂತಾ ಹುಟ್ಟಿದ್ದು 1954ರ ಜನವರಿ 1ರಂದು. ಅಂದರೆ ದೇಶದ ಮೊದಲ ಶತಕ ಬಾರಿಸಿದ ಆಟಗಾರ್ತಿಗೆ 23ರಿಂದ 30ರವರೆಗೆ, ಬ್ಯಾಟು ಹಿಡಿದವರ ಅತ್ಯುತ್ತಮ ವಯಸ್ಸಿನಲ್ಲಿ, ಒಂದೇ ಒಂದು ಟೆಸ್ಟ್ ಸಿಗಲಿಲ್ಲ. ಅವರ ಲೆಕ್ಕ 16 ಟೆಸ್ಟ್, 750 ರನ್‌ಗಳಿಗೆ ನಿಂತಿತು. ಆ ಅಂಕಿಯನ್ನು ಓದುವಾಗ ಅವರು ಆಡದೆ ಹೋದ ಪಂದ್ಯಗಳನ್ನೂ ಜೊತೆಗಿಟ್ಟು ಓದಬೇಕು.

ಖಾಲಿ ವರ್ಷಗಳು ಅಷ್ಟಕ್ಕೇ ಮುಗಿಯಲಿಲ್ಲ. 1986ರ ಇಂಗ್ಲೆಂಡ್ ಪ್ರವಾಸದಲ್ಲಿ ಸಂಧ್ಯಾ ಅಗರ್ವಾಲ್ 190 ರನ್ ಹೊಡೆದು ಬಂದರು; ಅದರ ನಂತರ 1991ರವರೆಗೆ ಭಾರತಕ್ಕೆ ಅಂತರರಾಷ್ಟ್ರೀಯ ಪಂದ್ಯವೇ ಇಲ್ಲ. 1988ರ ವಿಶ್ವಕಪ್‌ಗೂ ತಂಡ ಹೋಗಲಿಲ್ಲ. ಪಟ್ನಾದ ನಂತರದ ಎರಡನೇ ಟೆಸ್ಟ್ ಗೆಲುವು ಬಂದದ್ದು 2002ರಲ್ಲಿ, ದಕ್ಷಿಣ ಆಫ್ರಿಕಾದ ಪಾರ್ಲ್‌ನಲ್ಲಿ. 2014ರ ನವೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲೇ ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿದರು, ತಿರುಷ್ ಕಾಮಿನಿ 192 ಹೊಡೆದರು. ಗೆದ್ದ ತಂಡಕ್ಕೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರಲ್ಲಿ. ಸೋತರೆ ಅವಕಾಶ ತಪ್ಪುವುದು ಆಟದ ನಿಯಮ; ಇವರಿಗೆ ಗೆದ್ದಾಗಲೂ ತಪ್ಪಿತು.

ನಮ್ಮೂರಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. 1952ರ ಗಣಿ ಕಾಯ್ದೆಯ 46ನೇ ಕಲಮು ಹೆಂಗಸರು ನೆಲದಡಿ ಕೆಲಸ ಮಾಡುವುದನ್ನು ನಿಷೇಧಿಸಿತ್ತು. ಗಂಡಸರು ಶಾಫ್ಟಿನಲ್ಲಿ ಇಳಿದರು, ಹೆಂಗಸರು ಮೇಲೆ ಕಾದರು. ಷರತ್ತಿನ ಮೇಲೆ ಹೆಂಗಸರಿಗೂ ಇಳಿಯಲು ಅನುಮತಿ ಬಂದದ್ದು 2019ರಲ್ಲಿ. ಅಷ್ಟರಲ್ಲಿ ನಮ್ಮ ಗಣಿ ಮುಚ್ಚಿ 18 ವರ್ಷವಾಗಿತ್ತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ಗಣಿಯ ಕತ್ತಲೆ, ಬಿಸಿ, ಬಂಡೆ ಸಿಡಿತಗಳ ಮುಂದೆ ಕ್ರಿಕೆಟ್ಟನ್ನು ಇಟ್ಟು ತೂಗುತ್ತಿಲ್ಲ. ನಾನು ಹೇಳುವುದು ಬಾಗಿಲಿನ ಮಾತು. ಬಾಗಿಲು ತಡವಾಗಿ ತೆರೆದರೆ ಒಳಗೆ ಹೋಗಬೇಕಾಗಿದ್ದವರು ಅಷ್ಟರಲ್ಲಿ ಮುದುಕಿಯರಾಗಿರುತ್ತಾರೆ. ಕ್ರಿಕೆಟ್ಟಿನಲ್ಲಿ ಕಾನೂನು ಬಾಗಿಲು ಹಾಕಿರಲಿಲ್ಲ. ವೇಳಾಪಟ್ಟಿ ಹಾಕಿತ್ತು, ಖಾಲಿ ಖಜಾನೆ ಹಾಕಿತ್ತು.

ಹಾಗಿದ್ದೂ ತಂಡ ಉಳಿದದ್ದು ಹೇಗೆ? ನೌಕರಿಯಿಂದ. ಶಾಂತಾ ಕೆನರಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ಆಡಿದರು. ಡಯಾನಾ ಎಡುಲ್ಜಿಯವರ ಒತ್ತಾಯದಿಂದ ರೈಲ್ವೆ ಇಲಾಖೆ ಆಟಗಾರ್ತಿಯರಿಗೆ ಕೆಲಸ ಕೊಡತೊಡಗಿತು. ಮುಂದೆ ದೇಶೀಯ ಕ್ರಿಕೆಟ್ಟಿನಲ್ಲಿ ರೈಲ್ವೆ ತಂಡವನ್ನು ಸೋಲಿಸುವವರೇ ಅಪರೂಪವಾದರು. ಕಾಯ್ದಿರಿಸದ ಬೋಗಿಯಲ್ಲಿ ಕೂರಿಸಿಕೊಂಡು ಹೋದ ಅದೇ ರೈಲ್ವೆ ಕಡೆಗೆ ಸಂಬಳದ ಚೀಟಿ ಕೊಟ್ಟಿತು. ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂದಾದರೆ ಮಗಳನ್ನು ಆಟಕ್ಕೆ ಕಳಿಸಲು ಮನೆಯವರು ಒಪ್ಪುತ್ತಾರೆ. ಗಣಿಯ ಸಂಬಳದ ಮೇಲೆ ಬದುಕಿದ ಊರಿಗೆ ಇದು ಬೇಗ ಅರ್ಥವಾಗುತ್ತದೆ.

2005ರಲ್ಲಿ ತಂಡ ಮೊದಲ ಸಲ ವಿಶ್ವಕಪ್ ಫೈನಲ್ ತಲುಪಿತು. ಆಗ ತಮಗೆ ಸಿಕ್ಕಿದ್ದು ಪಂದ್ಯಕ್ಕೆ ಸಾವಿರ ರೂಪಾಯಿ ಎಂದು ನಾಯಕಿ ಮಿಥಾಲಿ ರಾಜ್ ಹೇಳಿಕೊಂಡಿದ್ದಾರೆ. 2006ರಲ್ಲಿ ಮಹಿಳಾ ಸಂಸ್ಥೆ ಬಿಸಿಸಿಐ ಜೊತೆ ವಿಲೀನವಾಯಿತು. 2022ರ ಅಕ್ಟೋಬರ್‌ನಲ್ಲಿ ಪಂದ್ಯದ ಶುಲ್ಕ ಗಂಡಸರಿಗೆ ಸಮನಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ದುಡ್ಡು ಬಂದ ಮೇಲೆ ಆಟ ಬೆಳೆಯಿತು ಎಂಬುದು ಸುಳ್ಳಲ್ಲ. ಆದರೆ ದುಡ್ಡು ಬರುವ ಮೊದಲೇ ಎರಡನೇ ಸ್ಥಾನದವರೆಗೆ ಹೋಗಿದ್ದರು ಎಂಬುದೂ ನಿಜ.

ಈ ದಾರಿಯಲ್ಲಿ ನಮ್ಮ ನಾಡಿನವರ ಹೆಜ್ಜೆಗಳು ಕಡಿಮೆಯಿಲ್ಲ. ಮಮತಾ ಮಾಬೆನ್ ಭಾರತದ ನಾಯಕಿಯಾದರು. 2017ರ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ಗೆ ಹೋಗಲು ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದರು, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ಕಿತ್ತರು, ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಲಾರ್ಡ್ಸ್‌ನ ಫೈನಲನ್ನು ಭಾರತ ಸೋತದ್ದು 9 ರನ್‌ಗಳಿಂದ. ಕರ್ನಾಟಕದ ಪರ ಆಡಿದ್ದ ನೂಶಿನ್ ಅಲ್ ಖದೀರ್ 2005ರ ಫೈನಲ್ ಸೋತ ತಂಡದಲ್ಲಿದ್ದವರು. 2023ರಲ್ಲಿ ಅದೇ ದಕ್ಷಿಣ ಆಫ್ರಿಕಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡಕ್ಕೆ ಅವರೇ ಕೋಚ್. 2025ರ ವಿಶ್ವಕಪ್ ಗೆದ್ದ ತಂಡದಲ್ಲಿ ಮಾತ್ರ ಕರ್ನಾಟಕದ ಒಬ್ಬರೂ ಇರಲಿಲ್ಲ. ಮೊದಲ ನಾಯಕಿಯನ್ನು ಕೊಟ್ಟ ನಾಡು ಈ ಮಾತನ್ನು ಸಂಭ್ರಮದ ನಡುವೆ ಮರೆಯಬಾರದು.

ಅಂದು ನವಿ ಮುಂಬೈಯಲ್ಲಿ ಗೆದ್ದವರು ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಅವರನ್ನು ಕರೆದು ಕಪ್ಪನ್ನು ಅವರ ಕೈಗೂ ಕೊಟ್ಟರು. ಒಳ್ಳೆಯ ಕೆಲಸ. ಅವರಿಗಿಂತ ಹಿಂದಿನ ತಲೆಮಾರಿನವರಿಗೆ ಈಗ 70ರ ಆಚೀಚೆ. ಅವರಲ್ಲಿ ಹಲವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಗಣಿ ಮುಚ್ಚಿದ ಊರಿನಲ್ಲಿರುವ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕೆಲಸ ಮಾಡಿದವರು ಇರುವಾಗಲೇ ಹೋಗಿ ಕೇಳಬೇಕು. ಆಮೇಲೆ ಉಳಿಯುವುದು ದಿಬ್ಬ ಮಾತ್ರ. ಇದನ್ನು ಓದುವ ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ, ಟ್ರಂಕಿನಲ್ಲಿರಬಹುದಾದ ಆಯ್ಕೆಪತ್ರ, ಫೋಟೊಗಳನ್ನು ತೋರಿಸಿ ಎಂದು ಕೇಳಿದರೆ ಅದೇ ದೊಡ್ಡ ಕೆಲಸ. ಸ್ಕೋರುಗಳು ಪುಸ್ತಕದಲ್ಲಿ ಸಿಗುತ್ತವೆ, ಅವನ್ನು ಕೇಳಬೇಕಿಲ್ಲ. ಕೇಳಬೇಕಾದದ್ದು ಬೇರೆ: ಟೆಸ್ಟ್ ಇಲ್ಲದ ಆ ಏಳು ವರ್ಷ ಬೆಳಿಗ್ಗೆ ಎದ್ದು ಯಾವ ಪಂದ್ಯಕ್ಕಾಗಿ ಅಭ್ಯಾಸ ಮಾಡುತ್ತಿದ್ದಿರಿ, ಮೇಡಂ?