ರಿಮಾಂಟೆಂಟ್

ಮತ್ತೆ ಮೇಲೇರುವುದೆಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಈ ವಿಶೇಷಣವು, ಒಮ್ಮೆ ಫಲಿಸಿ ವಿರಮಿಸದೆ ಅದೇ ಋತುವಿನಲ್ಲಿ ಮರಳಿ ಮರಳಿ ಹೂತು ಕಾಯುವ ಸ್ಟ್ರಾಬೆರಿಗೆ ಸಲ್ಲುತ್ತದೆ. ಅರಿಸಮಾಸವೆಂದು ವೈಯಾಕರಣರು ಮುನಿದರೂ ‘ಮರುಫಲಿ’ ಎಂಬುದು ಇದಕ್ಕೆ ಒಪ್ಪುವ ಕನ್ನಡವೆಂದು ನನ್ನೆಣಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ 1955ರಲ್ಲಿ ಯೂಟಾದ ವಾಸಾಚ್ ಪರ್ವತಗಳಿಂದ ತಂದ ಕಾಡುಗಿಡದ ಮೂಲಕ ಈ ಗುಣವು ಆಧುನಿಕ ತೋಟಗಳಿಗೆ ಸಂಕ್ರಮಿಸಿತು. 56 ವರ್ಣತಂತುಗಳ ಜಟಿಲ ಸಸ್ಯವಾದ ತೋಟದ ಸ್ಟ್ರಾಬೆರಿಯಲ್ಲಿ, ಒಂದು ತಳಿಸೂಚಕವು (ಡಿಎನ್‌ಎ ಗುರುತು) ಮರುಫಲನವನ್ನೂ, ಇನ್ನೊಂದು ಪೀಚ್ ಹಣ್ಣಿನಂಥ ಪರಿಮಳವನ್ನೀಯುವ ಗ್ಯಾಮಾ ಡೆಕಾಲ್ಯಾಕ್ಟೋನಿನ ಸಾಧ್ಯತೆಯನ್ನೂ ಎಳೆಯ ಸಸಿಯ ಎಲೆಯ ಚೂರಿನಿಂದಲೇ ಅರುಹುವುದರಿಂದ, ತಳಿವಿಜ್ಞಾನಿಯು ನಿರ್ಗುಣ ಸಸಿಗಳನ್ನು ಫಲಕಾಲಕ್ಕೆ ಮುನ್ನವೇ ಕಿತ್ತೊಗೆಯಬಲ್ಲನು. ಆದರೆ ಸಿಹಿಹುಳಿಗಳ ಹದವು ಅನೇಕ ಜೀನುಗಳಿಗೂ ಹವೆಗೂ ಅಧೀನವಾದುದರಿಂದ, ಉಳಿದ ಗಿಡಗಳ ಹಣ್ಣನ್ನು ಇಂದಿಗೂ ತಿಂದೇ ಪರೀಕ್ಷಿಸಬೇಕಾಗಿದೆ.